77 ಬ್ರೇಕ್‌ಫಾಸ್ಟ್ ಸೀರಿಯಲ್‌ಗಳ ಪಟ್ಟಿ: ಎರಡು ವರ್ಷ ಬಳಸಿದ ಮೇಲೆ

ಅಂಕಿಅಂಶ ಕಲಿತವರಲ್ಲಿ ಈ ಪಟ್ಟಿಯನ್ನು ತೆರೆದು ನೋಡಿದವರು ಬಹಳ ಜನ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್‌ನ 1993ರ ಗ್ರಾಫಿಕ್ಸ್ ಪ್ರದರ್ಶನದಲ್ಲಿ ಬಂದ 77 ಸೀರಿಯಲ್‌ಗಳ ಟೇಬಲ್. ಟಿವಿಯದ್ದಲ್ಲ, ಬೆಳಿಗ್ಗೆ ಹಾಲು ಹಾಕಿಕೊಂಡು ತಿನ್ನುವ ಪೊಟ್ಟಣದ ಧಾನ್ಯದ ತಿಂಡಿ. ಒಂದೊಂದರ ಒಂದು ಸಲದ ಪಾಲಿನಲ್ಲಿ ಕ್ಯಾಲೊರಿ, ನಾರು, ಸಕ್ಕರೆ, ಸೋಡಿಯಂ ಎಷ್ಟು, ಆ ಪಾಲು ಎಷ್ಟು ತೂಕ, ಎಷ್ಟು ಕಪ್ ಅಂತೆಲ್ಲ ಕಾಲಂಗಳಿವೆ. ನಾನು ಇದನ್ನು ಪಾಠಕ್ಕಾಗಿ ಇಳಿಸಿಕೊಂಡವನಲ್ಲ. ಬೆಳಿಗ್ಗೆ ಏನು ತಿನ್ನಬೇಕು ಅಂತ ತೀರ್ಮಾನಿಸಲು ಇಳಿಸಿಕೊಂಡೆ. ಪುಕ್ಕಟೆ ಸಿಗುತ್ತದೆ, ಕೊನೆಯಲ್ಲಿ ರೇಟಿಂಗ್ ಬೇರೆ ಕೊಟ್ಟಿದ್ದಾರೆ. ಇನ್ನೇನು ಬೇಕು?

ಮೊದಲ ದಿನವೇ ನಗು ಬಂತು. ಸಕ್ಕರೆ ಕಡಿಮೆ ಇರುವುದು ಮೇಲೆ ಬರಲಿ ಅಂತ ಸಾರ್ಟ್ ಮಾಡಿದೆ. ಮೊದಲ ಸ್ಥಾನ ಕ್ವೇಕರ್ ಓಟ್‌ಮೀಲ್‌ಗೆ, ಸಕ್ಕರೆ -1 ಗ್ರಾಂ! ತಿಂದರೆ ಮೈಯಲ್ಲಿದ್ದ ಸಕ್ಕರೆಯೂ ವಾಪಸ್ ಹೋಗುತ್ತದೇನೋ. ಮಾಹಿತಿ ಇಲ್ಲದ ಕಡೆ -1 ಹಾಕಿದ್ದಾರೆ, ಅಷ್ಟೇ. ಸರಾಸರಿ ತೆಗೆಯುವ ಮುಂಚೆ ಇವನ್ನು ಖಾಲಿ ಮಾಡಿಕೊಳ್ಳಿ.

ಸಿಟ್ಟು ಬಂದದ್ದು ರೇಟಿಂಗ್ ಮೇಲೆ. ಆಲ್-ಬ್ರಾನ್ ವಿತ್ ಎಕ್ಸ್‌ಟ್ರಾ ಫೈಬರ್‌ಗೆ 93.7, ಅದೇ ಎಲ್ಲಕ್ಕಿಂತ ಮೇಲೆ. ಸಿಹಿ ಸಿಹಿ ಕ್ಯಾಪ್ಟನ್ ಕ್ರಂಚ್‌ಗೆ 18, ಕಟ್ಟಕಡೆ. ಒಂದು ಮಗುವಿನ ಕೈಗೆ ಎರಡೂ ಕೊಟ್ಟು ನೋಡಿ, ಪಟ್ಟಿ ತಲೆಕೆಳಗಾಗುತ್ತದೆ. ಅನುಮಾನ ಬಂದು ರಿಗ್ರೆಶನ್ (ಬೇರೆ ಕಾಲಂಗಳಿಂದ ಒಂದು ಕಾಲಂ ಅನ್ನು ಅಂದಾಜು ಮಾಡುವ ಲೆಕ್ಕ) ಓಡಿಸಿದೆ. ಕ್ಯಾಲೊರಿ, ನಾರು, ಸಕ್ಕರೆ, ಸೋಡಿಯಂ ಮುಂತಾದ ಕಾಲಂಗಳಿಂದಲೇ ರೇಟಿಂಗ್ ಹೆಚ್ಚುಕಡಿಮೆ ಪೂರ್ತಿ ಹೊರಬಂತು. ಮಿಕ್ಕಿದ್ದು ಏನೂ ಇಲ್ಲ. ಅಂದರೆ ಆ ನಂಬರ್ ಒಂದು ಸೂತ್ರ. ಅದಕ್ಕೆ ನಾಲಿಗೆಯೇ ಇಲ್ಲ.

ಹೋಗಲಿ, ಪೌಷ್ಟಿಕತೆಗಾದರೂ ನಂಬೋಣ ಅಂದರೆ ಅಲ್ಲೂ ಒಂದು ಮೋಸ. ಮಂಡಕ್ಕಿಯಂಥ ಪಫ್ಡ್ ರೈಸ್‌ಗೆ 60.8, ಗಟ್ಟಿ ಕಾಳಿನಂಥ ಗ್ರೇಪ್-ನಟ್ಸ್‌ಗೆ 53.4. ಮೊದಲನೆಯದರಲ್ಲಿ ನಾರು ಸೊನ್ನೆ, ಎರಡನೆಯದರಲ್ಲಿ 3 ಗ್ರಾಂ. ಸಕ್ಕರೆ, ಸೋಡಿಯಂ ಇಲ್ಲ ಅನ್ನುವುದು ಪಫ್ಡ್ ರೈಸ್‌ನ ಹೆಚ್ಚುಗಾರಿಕೆ, ಒಪ್ಪುತ್ತೇನೆ. ಆದರೆ ಅದರ 50 ಕ್ಯಾಲೊರಿ ಅರ್ಧ ಔನ್ಸ್‌ಗೆ (ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ). ಗ್ರೇಪ್-ನಟ್ಸ್‌ನ 110 ಪೂರ್ತಿ ಒಂದು ಔನ್ಸ್‌ಗೆ. ಸಮ ತೂಕದಲ್ಲಿ ಇಟ್ಟರೆ 100 ಮತ್ತು 110, ಹೆಚ್ಚೇನೂ ಫರಕಿಲ್ಲ. ಇನ್ನು ಕಪ್ ಲೆಕ್ಕ ನೋಡಿದರೆ ಗ್ರೇಪ್-ನಟ್ಸ್‌ನ ಆ ಒಂದು ಸಲದ ಪಾಲು ಬರೀ ಕಾಲು ಕಪ್. ಕಾಲು ಕಪ್‌ಗೆ ಕೈ ನಿಲ್ಲಿಸುವವರು ಯಾರು? ನನ್ನ ಬಟ್ಟಲಿಗೆ ಒಂದು ಕಪ್ ಆರಾಮಾಗಿ ಹಿಡಿಯುತ್ತದೆ. ಒಂದು ಕಪ್ ಪಫ್ಡ್ ರೈಸ್‌ನಲ್ಲಿ 50 ಕ್ಯಾಲೊರಿ, ಒಂದು ಕಪ್ ಗ್ರೇಪ್-ನಟ್ಸ್‌ನಲ್ಲಿ 440. ಇದು ತಲೆಗೆ ಹೊಳೆಯುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು. ಈಗ ಎಲ್ಲವನ್ನೂ ಒಂದು ಔನ್ಸ್‌ಗೆ ಇಳಿಸಿದ್ದೇನೆ, ಬಟ್ಟಲನ್ನೂ ತಕ್ಕಡಿಯ ಮೇಲೆ ಇಟ್ಟೇ ತುಂಬುತ್ತೇನೆ.

ಇಷ್ಟೆಲ್ಲ ಬೈದರೂ ಪಟ್ಟಿ ಬಿಟ್ಟಿಲ್ಲ. ಕಾರಣ, ನಾನೇ ಸೇರಿಸಿದ ರುಚಿಯ ಕಾಲಂ. ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುವುದು ನನಗೆ ಆಗಲಿಲ್ಲ. ಸೋಮವಾರದ 7 ಬೇರೆ, ಹಸಿದ ಭಾನುವಾರದ 7 ಬೇರೆ. ಎರಡರಲ್ಲಿ ಯಾವುದು ಚೆನ್ನ ಅಂದರೆ ಯಾರು ಬೇಕಾದರೂ ಹೇಳಬಹುದು ಅಲ್ವಾ? ಅದಕ್ಕೇ ಬ್ರ್ಯಾಡ್ಲಿ ಮತ್ತು ಟೆರ್ರಿ ಎಂಬ ಅಂಕಿಅಂಶ ತಜ್ಞರು 1952ರಲ್ಲಿ ಬರೆದ ವಿಧಾನ ಹಿಡಿದೆ. ಜೋಡಿ ಜೋಡಿಯಾಗಿ ಯಾವುದು ಗೆದ್ದಿತು ಅಂತ ಬರೆದಿಟ್ಟರೆ ಸಾಕು, ಅದು ಎಲ್ಲವನ್ನೂ ಒಂದೇ ಅಳತೆಗೋಲಿನ ಮೇಲೆ ಕೂರಿಸುತ್ತದೆ.

ಬೆಳಿಗ್ಗೆ ಹೀಗೆ ನಡೆಯುತ್ತದೆ. ನಾನು ಗೋಡೆ ಕಡೆ ತಿರುಗಿ ನಿಲ್ಲುತ್ತೇನೆ. ಮಗಳು ಎರಡು ಚಿಕ್ಕ ಬಟ್ಟಲಿಗೆ ಹಾಕುತ್ತಾಳೆ, ಒಂದರ ತಳಕ್ಕೆ ಟೇಪಿನ ತುಂಡು ಅಂಟಿಸಿರುತ್ತಾಳೆ. ಹಾಲು ಬಿದ್ದ ಸದ್ದು ಕೇಳಿದ ತಕ್ಷಣ ಕಣ್ಣು ಮುಚ್ಚಿಕೊಂಡು ಕೂರಬೇಕು. ಇದರಿಂದ ಎರಡು ಚಮಚ, ಅದರಿಂದ ಎರಡು. ಶುರುವಿನಲ್ಲಿ ಮೊದಲು ಬಾಯಿಗಿಟ್ಟದ್ದೇ ಜಾಸ್ತಿ ಸಲ ಗೆಲ್ಲುತ್ತಿತ್ತು. ಎರಡನೆಯದು ಅಷ್ಟರಲ್ಲಿ ಹಾಲು ಕುಡಿದು ಮೆತ್ತಗಾಗಿರುತ್ತಿತ್ತು, ಪಾಪ. ಈಗ ಒಂದು ತಿಂದಾದ ಮೇಲೆಯೇ ಇನ್ನೊಂದಕ್ಕೆ ಹಾಲು. ಯಾವುದು ಮೊದಲು ಅನ್ನುವುದು ನಾಣ್ಯದ ಕೈಯಲ್ಲಿ.

ನನ್ನ ಜೇಬು ಒಪ್ಪುವುದು ಒಮ್ಮೆಗೆ ಎರಡೇ ಪೊಟ್ಟಣ. ಇದರಲ್ಲೂ ಒಂದು ಪಾಠ ಕಲಿತೆ. ಎರಡನ್ನೂ ಮುಗಿಸಿ ಹೊಸ ಎರಡನ್ನು ಒಡೆದರೆ ಸರಪಳಿ ಕಡಿದುಹೋಗುತ್ತದೆ. ಹಳೇ ಜೋಡಿಗೂ ಹೊಸ ಜೋಡಿಗೂ ಹೋಲಿಕೆಯೇ ಇರುವುದಿಲ್ಲ, ಲೆಕ್ಕ ಕೈ ಎತ್ತುತ್ತದೆ. ಹಾಗಾಗಿ ಯಾವಾಗಲೂ ಹಳೆಯದೊಂದು ಮಿಕ್ಕಿರಬೇಕು. ಅದು ಸಪ್ಪೆ ತವುಡಿನದ್ದಾದರೆ ಇನ್ನೂ ಎರಡು ವಾರ ಅದರ ಜೊತೆಗೇ ಸಂಸಾರ.

ಕೊನೆಗೆ ರುಚಿ, ಪೌಷ್ಟಿಕತೆ ಎರಡನ್ನೂ ಸರಾಸರಿಯಿಂದ ಎಷ್ಟು ಆಚೆ ಈಚೆ ಇದೆ ಅನ್ನುವ ಅಳತೆಗೆ ತಂದು ಅರ್ಧರ್ಧ ಕೂಡುತ್ತಿದ್ದೆ. ಆ ಅರ್ಧರ್ಧ ಯಾಕೆ ಅಂತ ಮಗಳು ಕೇಳಿದಳು. ಸುಮ್ನೆ ಹಾಗೆ ಅಂದೆ. ಮೊನ್ನೆ ಫೈಲ್ ತೆರೆದರೆ ರುಚಿಯ ಪಾಲು 0.9 ಆಗಿದೆ, ಜೇನು ಸವರಿದ್ದು ಮೊದಲ ಸ್ಥಾನಕ್ಕೆ ಬಂದು ಕೂತಿದೆ. ಇನ್ನೂ ಸರಿ ಮಾಡಿಲ್ಲ.