ಗದ್ದಲದೊಳಗೊಂದು ಹಾಡು: ಮೂರು ಗಿಟಾರ್ ಆಲ್ಬಮ್‌ಗಳು

ಫ್ರೀ ಜಾಝ್ (ಧಾಟಿ, ತಾಳಗಳ ಕಟ್ಟುಪಾಡು ಸಡಿಲಿಸಿ ನುಡಿಸುವ ಜಾಝ್) ಅಂದರೆ ಬರೀ ಗಲಾಟೆ ಅನ್ನುವವರಿಗೆ ನಾನು ಮೊದಲು ಕೇಳಿಸುವುದು ಗಿಟಾರ್ ವಾದಕ ಸನ್ನಿ ಶೆರಾಕ್‌ರ ‘ಆಸ್ಕ್ ದಿ ಏಜಸ್’ (1991). ಅದರಲ್ಲೂ ಎರಡನೆಯ ಟ್ರ್ಯಾಕ್, ‘ಹೂ ಡಸ್ ಶಿ ಹೋಪ್ ಟು ಬಿ?’. ನಿಧಾನದ ನಡೆ, ಒಮ್ಮೆ ಕೇಳಿದರೆ ಗುನುಗಿಕೊಳ್ಳುವಂಥ ಧಾಟಿ. ಗಿಟಾರಿನ ದನಿ ಮಾತ್ರ ಒರಟು. ಆ ಒರಟನ್ನು ಒಂದಿಷ್ಟೂ ನುಣುಪು ಮಾಡದೆ ಇಷ್ಟು ಅಕ್ಕರೆಯಿಂದ ನುಡಿಸಿದವರನ್ನು ನಾನು ಬೇರೆ ಕೇಳಿಲ್ಲ.

ಶೆರಾಕ್‌ಗೆ ಆಸೆಯಿದ್ದದ್ದು ಟೆನರ್ ಸ್ಯಾಕ್ಸೋಫೋನ್ ಮೇಲೆ. ಅಸ್ತಮಾ ಇದ್ದದ್ದರಿಂದ ಊದುವ ವಾದ್ಯ ಆಗಲಿಲ್ಲ, ಗಿಟಾರ್ ಹಿಡಿದರು. ಇದು ಗೊತ್ತಾದ ಮೇಲೆ ಅವರ ವಾದನ ನನಗೆ ಬೇರೆಯೇ ಥರ ಕೇಳಿಸತೊಡಗಿತು. ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ ಮೀಟುವುದು) ಜೋಡಿಸುತ್ತ ಕೂರುವವರಲ್ಲ ಅವರು. ಒಂದೇ ಎಳೆಯನ್ನು ದಮ್ಮು ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ನಾನು ವೀಣೆ ಕಲಿತವಳು, ತಂತಿ ಎಳೆದು ಸ್ವರ ಏರಿಸುವುದು ಬೆರಳಿಗೆ ಗೊತ್ತು. ನಾವು ಎಳೆಯುವುದು ಸ್ವರಸ್ಥಾನ ಮುಟ್ಟುವುದಕ್ಕೆ. ಶೆರಾಕ್ ಸ್ಲೈಡ್ (ತಂತಿಯ ಮೇಲೆ ಜಾರಿಸುವ ಕೊಳವೆ) ಜಾರಿಸಿದರೆ ಸ್ಥಾನವನ್ನೂ ದಾಟಿ, ಗಂಟಲು ಹರಿಯುವಂತೆ ಕೂಗುವ ಜಾಗಕ್ಕೆ ಹೋಗಿ ನಿಲ್ಲುತ್ತಾರೆ.

‘ಮೆನಿ ಮ್ಯಾನ್ಶನ್ಸ್’ನಲ್ಲಿ ಪುಟ್ಟದೊಂದು ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಕೆಳಗೆ ಎಲ್ವಿನ್ ಜೋನ್ಸ್‌ರ ಡ್ರಮ್ಸ್ ಕುದಿಯುತ್ತಿರುತ್ತದೆ, ಮೇಲೆ ಫೆರೋ ಸ್ಯಾಂಡರ್ಸ್‌ರ ಸ್ಯಾಕ್ಸ್ ಚೀರುತ್ತದೆ. ಇಬ್ಬರೂ ಜಾಝ್‌ನ ಹೆಸರಾಂತ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ನುಡಿಸಿದವರು. 1966ರಲ್ಲಿ ಸ್ಯಾಂಡರ್ಸ್‌ರ ‘ತೌಹಿದ್’ ಆಲ್ಬಮ್ ರೆಕಾರ್ಡ್ ಆದಾಗ ಗಿಟಾರ್ ಹಿಡಿದವರೂ ಶೆರಾಕ್‌ ಅವರೇ. ಆ ಹಳೆಯ ಸಲಿಗೆ ಇಲ್ಲಿ ಎದ್ದು ಕಾಣುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ದಯವಿಟ್ಟು ಕೇಳಬೇಡಿ, ಚಾರ್ನೆಟ್ ಮಾಫೆಟ್‌ರ ಬಾಸ್ ಪೂರ್ತಿ ಮಾಯವಾಗುತ್ತದೆ. ಶೆರಾಕ್ 1994ರಲ್ಲಿ, 53ರ ವಯಸ್ಸಿಗೆ ತೀರಿಕೊಂಡರು. ಇಂಥದ್ದು ಇನ್ನೂ ನಾಲ್ಕು ಬರಬೇಕಿತ್ತು ಅಂತ ಪ್ರತಿ ಸಲವೂ ಸಂಕಟವಾಗುತ್ತದೆ.

ಇದು ಹಿಡಿಸಿದರೆ ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೈಲಿಯ ‘ಕಾರ್ಪಲ್ ಟನಲ್’ (2005) ಕಡೆಗೆ ಹೋಗಿ. ಇಲ್ಲಿ ಧಾಟಿಯೂ ಇಲ್ಲ, ತಾಳವೂ ಇಲ್ಲ. ಬಲಗೈಯಲ್ಲಿ ಪ್ಲೆಕ್ಟ್ರಮ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿಯಲಾಗದಂಥ ಕಾಯಿಲೆ ಬಂದಾಗ, ಎಪ್ಪತ್ತು ದಾಟಿದ ಬೈಲಿ ಹೆಬ್ಬೆರಳಿನಿಂದ ನುಡಿಸುವುದನ್ನು ಹೊಸದಾಗಿ ಕಲಿತರು. ಟ್ರ್ಯಾಕ್‌ಗಳ ಹೆಸರೇ ‘ಮೂರು ವಾರದ ನಂತರ’, ‘ಐದು ವಾರದ ನಂತರ’ ಅಂತ ಸಾಗಿ ಹನ್ನೆರಡಕ್ಕೆ ಮುಟ್ಟುತ್ತವೆ. ಮೊದಲು ಒಂದೊಂದೇ ಸ್ವರ, ನಡುವೆ ಉದ್ದುದ್ದ ಬಿಡುವು. ಹನಿ ಹನಿಯಾಗಿ ಬೀಳುವ ಆ ಸ್ವರಗಳಲ್ಲಿ ಬೆರಳು ದಾರಿ ಹುಡುಕುವುದು ಕೇಳಿಸುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಎಲ್ಲರಿಗೂ ಒಗ್ಗುವ ಆಲ್ಬಮ್ ಅಲ್ಲ. ಸಂಗೀತ ಅಭ್ಯಾಸ ಮಾಡುವವರು ಮಾತ್ರ ತಪ್ಪಿಸಿಕೊಳ್ಳಬಾರದು.

ಮೇರಿ ಹಾಲ್ವರ್ಸನ್‌ರ ‘ಮೆಲ್ಟ್‌ಫ್ರೇಮ್’ (2015) ಒಬ್ಬರೇ ಕೂತು ನುಡಿಸಿದ್ದು, ಹತ್ತೂ ಬೇರೆಯವರ ರಚನೆಗಳು. ಆಲಿವರ್ ನೆಲ್ಸನ್‌ರ ‘ಕ್ಯಾಸ್ಕೇಡ್ಸ್’ ಅನ್ನು ಶುರುವಿಗೇ ಡಿಸ್ಟಾರ್ಷನ್ (ಗಿಟಾರಿನ ದನಿಯನ್ನು ಒಡೆದು ಒರಟಾಗಿಸುವುದು) ಹಾಕಿ ಬಾರಿಸುತ್ತಾರೆ. ಎಲಿಂಗ್ಟನ್‌ರ ‘ಸಾಲಿಟ್ಯೂಡ್’ನಲ್ಲಿ ಒಂದೊಂದು ಸ್ವರವೂ ನಡುಗಿ ಬಾಗುತ್ತದೆ. ನಡುವೆ ಒಂದೆರಡು ಟ್ರ್ಯಾಕ್ ನನಗೆ ತುಸು ಸಪ್ಪೆ ಅನ್ನಿಸಿದವು. ಆದರೂ ಶೆರಾಕ್‌ರ ಅಬ್ಬರ ಜಾಸ್ತಿಯಾಯಿತು ಅನ್ನುವವರು ಇದರಿಂದಲೇ ಆರಂಭಿಸಲಿ.