ಗ್ರನಾಡಾದ ಅಲ್ಬೈಸಿನ್‌ಗೆ ಹೋಗುವವರೇ, ಕಾರು ಕೆಳಗೇ ಬಿಡಿ

ಸ್ಪೇನ್ ಪ್ರವಾಸ ಮುಗಿಸಿ ಬೆಂಗಳೂರಿಗೆ ಬಂದು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಬ್ಯಾಂಕಿನಿಂದ ಮೆಸೇಜು: ಕ್ರೆಡಿಟ್ ಕಾರ್ಡಿನಿಂದ 45 ಯೂರೋ ಕಟ್. ಮರುದಿನ ಇನ್ನೊಂದು 45. ಯಾರೋ ಕಳ್ಳರ ಕೆಲಸ ಅಂತ ಗಾಬರಿಯಾಗಿ ಕಾರ್ಡ್ ಬ್ಲಾಕ್ ಮಾಡಿಸಿದೆ. ಆಮೇಲೆ ನೋಡಿದರೆ, ಮಾಲಗಾದಲ್ಲಿ ನಮಗೆ ಕಾರು ಬಾಡಿಗೆಗೆ ಕೊಟ್ಟ ಕಂಪನಿ. ಇದು ದಂಡವೂ ಅಲ್ಲ. ದಂಡ ಹಾಕುವವರಿಗೆ ನನ್ನ ಹೆಸರು, ವಿಳಾಸ ತಿಳಿಸಿದ್ದಕ್ಕೆ ಅವರು ತಗೊಂಡ ಕೂಲಿ! ದಂಡದ ಕಾಗದ ಹಿಂದೆಯೇ ಬಂತು. ಅದೂ ಎರಡು.

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ ಆ ತಪ್ಪು ಮಾಡುವುದು ಎಷ್ಟು ಸುಲಭ ಅಂತ ಹೇಳಬೇಕು.

ಅಲ್ಬೈಸಿನ್ ಅಂದರೆ ಗ್ರನಾಡಾದ ಹಳೇ ಮುಸ್ಲಿಂ ಕೇರಿ. ಒಂದು ಗುಡ್ಡದ ಮೇಲೆ ಅಲ್ಹಾಂಬ್ರಾ ಅರಮನೆ, ಎದುರು ಗುಡ್ಡದ ಮೇಲೆ ಇದು, ನಡುವೆ ದಾರೋ ಅನ್ನುವ ಸಣ್ಣ ಹೊಳೆ. 1492ರಲ್ಲಿ ಊರು ಕ್ರೈಸ್ತ ರಾಜರ ಕೈಗೆ ಹೋಯಿತು. ಮಸೀದಿಗಳ ಜಾಗದಲ್ಲಿ ಚರ್ಚುಗಳು ಬಂದವು. ಬೀದಿಗಳು ಮಾತ್ರ ಹಳೇ ದಾರಿಯಲ್ಲೇ ಉಳಿದವು. ಅಲ್ಹಾಂಬ್ರಾ 1984ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು, 1994ರಲ್ಲಿ ಅಲ್ಬೈಸಿನ್ ಅನ್ನೂ ಸೇರಿಸಿದರು. ಹಾಗಾಗಿ ಕಾರು ಹೋಗಲಿ ಅಂತ ಅಲ್ಲಿ ಯಾರೂ ಗೋಡೆ ಒಡೆಯುವುದಿಲ್ಲ. ನಮ್ಮ ಚಿಕ್ಕಪೇಟೆಯ ಗಲ್ಲಿಯನ್ನು ಎತ್ತಿ ನಂದಿ ಬೆಟ್ಟದ ಏರಿಗೆ ಅಂಟಿಸಿದರೆ ಹೇಗಿರುತ್ತೆ, ಹಾಗೆ. ನೆಲಕ್ಕೆ ಡಾಂಬರಿಲ್ಲ, ಹೊಳೆಯ ಉರುಟು ಕಲ್ಲು.

ನಾವು ಹಿಡಿದಿದ್ದ ಮನೆಯ ಮಾಲೀಕರು "ಕಾರು ಮನೆ ಬಾಗಿಲಿಗೇ ಬರುತ್ತೆ" ಅಂತ ಬರೆದಿದ್ದರು. ಮೊಬೈಲಿನ ಮ್ಯಾಪೂ ದಾರಿ ತೋರಿಸಿತು. ಕೇರಿಯ ಬಾಯಲ್ಲಿ ಕೆಂಪು ಅಂಚಿನ ದುಂಡು ಬೋರ್ಡು, ಕೆಳಗೆ ಸ್ಪ್ಯಾನಿಷ್‌ನಲ್ಲಿ ಏನೋ ಎರಡು ಪದ. ಅನುಮತಿ ಇದ್ದವರಿಗೆ ಮಾತ್ರ ಅಂತ ಅದರರ್ಥ. ಮುಂದೆ ಒಂದು ಟ್ಯಾಕ್ಸಿ ಸಲೀಸಾಗಿ ಒಳಗೆ ಹೋಯಿತು, ನಾನೂ ಹಿಂದೆಯೇ ಹೋದೆ. ಟ್ಯಾಕ್ಸಿಗೆ ಅನುಮತಿ ಇರುತ್ತೆ, ನನಗಿಲ್ಲ. ಪೊಲೀಸರಿಲ್ಲ, ಗೇಟಿಲ್ಲ, ಯಾರೂ ಕೈ ಅಡ್ಡ ಹಾಕಲಿಲ್ಲ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಂಡು ಸುಮ್ನೆ ಕೂತಿತ್ತು.

ಮುಂದಿನ ಇಪ್ಪತ್ತು ನಿಮಿಷ ನೆನೆದರೆ ಈಗಲೂ ಅಂಗೈ ಬೆವರುತ್ತೆ. ಎರಡೂ ಕಡೆ ಸುಣ್ಣ ಬಳಿದ ಗೋಡೆ. ಕನ್ನಡಿ ಮಡಚಿದರೂ ಗೋಡೆಗೂ ಕಾರಿಗೂ ನಾಲ್ಕು ಬೆರಳಿನ ಅಂತರ. ಸ್ಟಿಯರಿಂಗ್ ಎಡಗಡೆ, ಅದು ನನಗೆ ಎರಡನೇ ದಿನ. ಎದುರಿನಿಂದ ಊರಿನ ಮಿನಿ ಬಸ್ ಬಂತು. ಡ್ರೈವರ್ ಹಾರ್ನ್ ಮಾಡಲಿಲ್ಲ, ಹಿಂದಕ್ಕೆ ಹೋಗು ಅಂತ ಬೆರಳಲ್ಲಿ ತೋರಿಸಿದರು. ಇಳಿಜಾರಿನಲ್ಲಿ ರಿವರ್ಸ್! ಹೆಂಡತಿ ಇಳಿದು "ಬಾ, ಬಾ, ನಿಲ್ಸು" ಅನ್ನುತ್ತಿದ್ದಳು, ಅಮ್ಮ ಹಿಂದಿನ ಸೀಟಿನಲ್ಲಿ ರಾಯರನ್ನು ಕರೆಯುತ್ತಿದ್ದರು. ಹಿಂದಿನ ಬಾಗಿಲು ಗೋಡೆಯ ಮೂಲೆಗೆ ಉಜ್ಜಿತು. ಆ ಗೀಚಿನ ಬಿಲ್ಲಿನ ಕತೆ ಇಲ್ಲಿ ಬೇಡ.

ಮನೆ ತಲುಪಿದರೆ ಮಾಲೀಕರದು ಹೊಸ ಮಾತು. ಕಾರು ಬರುತ್ತೆ ನಿಜ, ನಿಲ್ಲಿಸೋಕೆ ಜಾಗ ಇಲ್ಲ! ಸಾಮಾನು ಇಳಿಸಿ ಕೆಳಗೆ ಹೋದೆ. ಅಮ್ಮನ ಮಾತ್ರೆ ಚೀಲ ಕಾರಿನಲ್ಲೇ ಉಳಿದಿತ್ತು, ಮತ್ತೆ ಹತ್ತಿದೆ. ಎರಡನೇ ದಂಡ ಆ ಚೀಲದ್ದು.

ಕೊನೆಗೆ ಕೆಳಗೆ ಒಂದು ಖಾಲಿ ಜಾಗ ಕಂಡಿತು. ಟೋಪಿ ಹಾಕಿದವನೊಬ್ಬ ಓಡಿ ಬಂದು "ಬನ್ನಿ ಬನ್ನಿ" ಅಂತ ಕೈ ಬೀಸಿ ನಿಲ್ಲಿಸಿಕೊಟ್ಟ, ಆಮೇಲೆ ಕೈ ಚಾಚಿದ. ಇಂಥವರಿಗೆ ಅಲ್ಲಿ ಗೊರ್ರಿಯಾ ಅನ್ನುತ್ತಾರೆ, ಗೊರ್ರಾ ಅಂದರೆ ಟೋಪಿ. ಅವರದು ಸರ್ಕಾರಿ ಕೆಲಸವೇನಲ್ಲ. ಟೋಪಿ ಹಾಕೋದು ಅನ್ನುವ ನಮ್ಮ ಮಾತು ನೆನಪಾಗಿ ಆ ಸಿಟ್ಟಿನಲ್ಲೂ ನಗು ಬಂತು. ಎರಡು ಯೂರೋ ಕೊಟ್ಟೆ.

ದುಡ್ಡಿಗಿಂತ ಹೊಟ್ಟೆ ಉರಿದಿದ್ದು ಬೇರೆಯದಕ್ಕೆ. ಅಲ್ಹಾಂಬ್ರಾದೊಳಗಿನ ನಸ್ರಿದ್ ಅರಮನೆಗಳಿಗೆ ಟಿಕೆಟ್ ಮೇಲೆ ಇರುವ ಹೊತ್ತಿಗೇ ಹೋಗಬೇಕು. ನಮ್ಮದು ಮಧ್ಯಾಹ್ನ 3.30. ಬಾಗಿಲಿಗೆ ತಲುಪಿದ್ದು 4.20ಕ್ಕೆ. ಬಿಡಲಿಲ್ಲ. ಕೋಟೆ, ಹೆನೆರಲೀಫೆ ತೋಟ ನೋಡಿದೆವು. ಹನ್ನೆರಡು ಸಿಂಹಗಳ ಕಾರಂಜಿ ಇರುವ ಅಂಗಳ ಗೋಡೆಯಾಚೆಗೇ ಉಳಿಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುದಿನ ಕ್ಯಾಥೆಡ್ರಲ್ ಹತ್ತಿರ ಇನ್ನೊಂದು. ಹೆಂಗಸೊಬ್ಬಳು ಅಮ್ಮನ ಕೈಗೆ ರೋಸ್‌ಮರಿ ಕಡ್ಡಿ ಇಟ್ಟಳು. ಅಮ್ಮ ತುಳಸಿ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ಆಕೆ ಅಂಗೈ ಹಿಡಿದು ಭವಿಷ್ಯ ಶುರು ಮಾಡಿದಳು. ನಾಣ್ಯ ಕೊಟ್ಟರೆ ಬೇಡ, ಅಪಶಕುನವಂತೆ, ನೋಟೇ ಬೇಕು! ಹತ್ತು ಯೂರೋ ಹೋಯಿತು. ಕಡ್ಡಿ ಚಾಚಿದರೆ ಕೈ ಕಟ್ಟಿಕೊಂಡು ಮುಂದೆ ನಡೆಯಿರಿ, ಅಷ್ಟೇ.

ಕಾರು ಇದ್ದೇ ಇದೆ ಅನ್ನುವವರು ಊರೊಳಗೆ ನುಗ್ಗಬೇಡಿ. ಹೊರವರ್ತುಲ ರಸ್ತೆಯಿಂದಲೇ ಅಲ್ಹಾಂಬ್ರಾಕ್ಕೆ ಬೋರ್ಡುಗಳಿವೆ, ಅವನ್ನು ಹಿಡಿದರೆ ಗುಡ್ಡದ ಮೇಲಿನ ದೊಡ್ಡ ಪಾರ್ಕಿಂಗ್‌ಗೆ ನೇರ ಹೋಗಬಹುದು. ಅಲ್ಬೈಸಿನ್‌ನಲ್ಲೇ ಉಳಿಯುವುದಾದರೆ ಕಾರಿನ ನಂಬರನ್ನು ಮೊದಲೇ ಹೋಟೆಲಿಗೆ ಕಳಿಸಿ, ಅನುಮತಿ ಪಟ್ಟಿಗೆ ಸೇರಿಸಿದ್ದಾರೆ ಅಂತ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. "ಬರುತ್ತೆ, ಬನ್ನಿ" ಅನ್ನುವುದು ಅನುಮತಿ ಅಲ್ಲ. ದಂಡ ಬಂದರೆ ಇಪ್ಪತ್ತು ದಿನದೊಳಗೆ ಕಟ್ಟಿ, ಅರ್ಧಕ್ಕೆ ಮುಗಿಯುತ್ತೆ. ನಾನು ಸ್ಪ್ಯಾನಿಷ್ ಕಾಗದವನ್ನು ಯಾವುದೋ ಜಾಹೀರಾತು ಅಂತ ಪಕ್ಕಕ್ಕಿಟ್ಟು ಆ ದಿನಗಳನ್ನೂ ಕಳೆದುಕೊಂಡೆ.

ಅಲ್ಹಾಂಬ್ರಾ ಟಿಕೆಟನ್ನು ಆದಷ್ಟು ಮುಂಚೆ ತಗೊಳ್ಳಿ, ಪಾಸ್‌ಪೋರ್ಟ್ ಜೊತೆಗಿರಲಿ. ಬಂದ ದಿನವೇ ಟಿಕೆಟ್ ಇಡಬೇಡಿ.

ಅಲ್ಬೈಸಿನ್ ಬಿಡಿ ಅಂತ ಮಾತ್ರ ಹೇಳಲಾರೆ. ಕೊನೇ ಸಂಜೆ ಪ್ಲಾಸಾ ನುವೇವಾದಿಂದ ಸಿ31 ಬಸ್ ಹತ್ತಿ ಸಾನ್ ನಿಕೊಲಾಸ್ ಕಟ್ಟೆಗೆ ಹೋದೆವು. ಎದುರು ಗುಡ್ಡದಲ್ಲಿ ಅಲ್ಹಾಂಬ್ರಾ ಕೆಂಪಾಗುತ್ತಿತ್ತು, ಹಿಂದೆ ಸಿಯೆರಾ ನೆವಾಡಾದ ಹಿಮ. ಬಸ್ ಅದೇ ಮೂಲೆ ತಿರುಗುವಾಗ ಅಮ್ಮ ಕಿಟಕಿಯಿಂದ ಗೋಡೆ ನೋಡಿ, "ನಮ್ಮ ಕಾರಿನ ಬಣ್ಣ ಇನ್ನೂ ಇದೆ ನೋಡೋ" ಅಂದರು.