ಪಿಸಿಒಎಸ್‌ಗೆ ಅಕ್ಯುಪಂಕ್ಚರ್: ನಿದ್ದೆ ಬಂತು, ಮುಟ್ಟಿನ ಲೆಕ್ಕ ಬೇರೆ

ವರ್ಷಕ್ಕೂ ಮೀರಿ ಸೂಜಿ ಚುಚ್ಚಿಸಿಕೊಂಡಿದ್ದೇನೆ, ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೂ ಪಿಸಿಒಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ, ಮುಖದ ಮೇಲೆ ಕೂದಲು ಬೆಳೆಯಬಹುದಾದ ತೊಂದರೆಯನ್ನು ಗುಣಪಡಿಸುವ ಚಿಕಿತ್ಸೆ ಎಂದು ಇದನ್ನು ಯಾರಿಗೂ ಹೇಳಲಾರೆ. ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಮೂರೂ ನಿದ್ದೆಯ ಖಾತೆಗೆ.

ನೋವಿನ ಭಯವಿದ್ದವರು ಅಂಜಬೇಕಾಗಿಲ್ಲ. ಇದು ಇಂಜೆಕ್ಷನ್ ಸೂಜಿಯಲ್ಲ, ತೀರಾ ಸಪೂರ. ಚರ್ಮ ದಾಟುವಾಗ ಇರುವೆ ಕಚ್ಚಿದಷ್ಟು ಚುರುಕ್ ಎನ್ನುತ್ತದೆ. ನಿಜವಾದ ಅನುಭವ ಆಮೇಲಿನದು. ಕಾಲಿನ ಒಳಬದಿಯ ಹರಡಿನಿಂದ ನಾಲ್ಕು ಬೆರಳಗಲ ಮೇಲೆ, ಮೂಳೆಯ ಅಂಚಿಗೆ ಒಂದು ಬಿಂದುವಿದೆ. ಮುಟ್ಟಿನ ತೊಂದರೆ ಎಂದು ಹೋದವರಿಗೆ ಅಲ್ಲೊಂದು ಸೂಜಿ ಸಾಮಾನ್ಯವಾಗಿ ತಪ್ಪುವುದಿಲ್ಲ. ಅದನ್ನು ಬೆರಳ ತುದಿಯಲ್ಲಿ ತಿರುವಿದಾಗ ಪಾದದವರೆಗೂ ಭಾರವಾದ, ಜೋಮು ಹಿಡಿಯುವ ಸೆಳೆತ ಹರಿಯುತ್ತದೆ. ಹೊಕ್ಕುಳ ಕೆಳಗಿನ ಸೂಜಿಗಳಿಗೆ ತಂತಿ ಸಿಕ್ಕಿಸಿ ಸಣ್ಣ ವಿದ್ಯುತ್ ಹಾಯಿಸುತ್ತಾರೆ. ನಾವು ಏನೂ ಮಾಡದೆಯೇ ಹೊಟ್ಟೆಯ ಸ್ನಾಯು ಸೆಕೆಂಡಿಗೆರಡು ಸಲ ಅದುರುವುದನ್ನು ನೋಡುತ್ತ ಮಲಗುವುದು ವಿಚಿತ್ರ ಮೋಜು. ಅರ್ಧ ಗಂಟೆಯಲ್ಲಿ ನಾನು ಗೊರಕೆ ಹೊಡೆದದ್ದೇ ಹೆಚ್ಚು. ಕೆಲವೊಮ್ಮೆ ಸೂಜಿ ತೆಗೆದ ಜಾಗ ನೀಲಿಗಟ್ಟಿದ್ದುಂಟು.

ಮುಟ್ಟು ಸರಿಯಾಯಿತೇ? ತಿಂಗಳುಗಟ್ಟಲೆ ಇದ್ದ ಅಂತರ ಕಡಿಮೆಯಾದದ್ದು ನಿಜ. ಆದರೆ ಅದೇ ಹೊತ್ತಿಗೆ ನಾನು ದಿನವೂ ನಡೆಯಲು ಹಿಡಿದಿದ್ದೆ, ತೂಕ ಇಳಿದಿತ್ತು, ಸಕ್ಕರೆ ಕಾಯಿಲೆಗೂ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೂ ನಡೆದಿತ್ತು. ದೇಹದ ತೂಕದಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ಅಂಡೋತ್ಪತ್ತಿ ಮರಳುವ ಸಾಧ್ಯತೆ ಇರುವಾಗ, ಶ್ರೇಯಸ್ಸನ್ನೆಲ್ಲ ಸೂಜಿಗೆ ಕೊಡಲು ನನಗೆ ಮನಸ್ಸಿಲ್ಲ. ಗಲ್ಲದ ಮೇಲಿನ ಕೂದಲು ಒಂದಿಷ್ಟೂ ಕದಲಲಿಲ್ಲ.

ಸಂಶೋಧನೆಯ ಮಾತೂ ಹೆಚ್ಚು ಬೇರೆಯಲ್ಲ. ಚೀನಾದಲ್ಲಿ ಪಿಸಿಒಎಸ್ ಇರುವ 1,000 ಮಹಿಳೆಯರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕೆಲವರಿಗೆ ನಿಜವಾದ ಅಕ್ಯುಪಂಕ್ಚರ್, ಕೆಲವರಿಗೆ ಸಂಬಂಧವಿಲ್ಲದ ಜಾಗದಲ್ಲಿ ಮೇಲುಮೇಲೆ ಚುಚ್ಚಿದ ತೋರಿಕೆಯ ಸೂಜಿ. ಮಗು ಹುಟ್ಟಿದ ಪ್ರಮಾಣ ಕ್ರಮವಾಗಿ ಶೇ. 21.8 ಮತ್ತು ಶೇ. 22.4. ಎರಡೂ ಗುಂಪುಗಳನ್ನು ಸೇರಿಸಿ ನೋಡಿದರೆ, ಅಂಡೋತ್ಪತ್ತಿಗೆ ಕೊಡುವ ಕ್ಲೋಮಿಫೀನ್ ಮಾತ್ರೆ ಪಡೆದವರಲ್ಲಿ ಅದು ಶೇ. 28.7, ಪಡೆಯದವರಲ್ಲಿ ಶೇ. 15.4. ಕೆಲಸ ಮಾಡಿದ್ದು ಮಾತ್ರೆ. ವಿದ್ಯುತ್ ಹಾಯಿಸಿದ ಸೂಜಿಯಿಂದ ಮುಟ್ಟು ಹೆಚ್ಚು ಸಲ ಬಂತು, ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ಇಳಿಯಿತು ಎಂದು ಸ್ವೀಡನ್‌ನ ಸಣ್ಣ ಅಧ್ಯಯನವೊಂದು ಹೇಳಿದ್ದುಂಟು. ಆದರೆ ಅಲ್ಲಿ ಹೋಲಿಸಿದ್ದು ವ್ಯಾಯಾಮ ಮಾಡಿದವರೊಂದಿಗೆ ಮತ್ತು ಯಾವ ಚಿಕಿತ್ಸೆಯನ್ನೂ ಪಡೆಯದವರೊಂದಿಗೆ, ತೋರಿಕೆಯ ಸೂಜಿಯೊಂದಿಗಲ್ಲ.

ನನ್ನ ಮೊದಲ ಚಿಕಿತ್ಸಕರು "ಮಾತ್ರೆ ನಿಲ್ಲಿಸಿ, ಅಂಡಾಶಯದ ಗುಳ್ಳೆಗಳನ್ನು ನಾನು ಕರಗಿಸುತ್ತೇನೆ" ಎಂದರು. ಅಂದೇ ಬೇರೆಯವರನ್ನು ಹುಡುಕಿಕೊಂಡೆ. ಸ್ಕ್ಯಾನಿನಲ್ಲಿ ಕಾಣುವುದು ಕರಗಿಸಬೇಕಾದ ಗಡ್ಡೆಯಲ್ಲ, ಪೂರ್ತಿ ಬೆಳೆಯದೆ ನಿಂತ ಫಾಲಿಕಲ್‌ಗಳು, ಅಂದರೆ ಅಂಡವಿರುವ ಪುಟ್ಟ ಚೀಲಗಳು. ಇಷ್ಟೂ ತಿಳಿಯದವರ ಕೈಗೆ ಹೊಟ್ಟೆ ಒಡ್ಡುವುದು ಹೇಗೆ? ಮೂರು ತಿಂಗಳಿಗೂ ಹೆಚ್ಚು ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುವ ಅಪಾಯವಿದೆ, ದೀರ್ಘಕಾಲದಲ್ಲಿ ಅದು ಕ್ಯಾನ್ಸರ್‌ಗೂ ದಾರಿಯಾಗಬಹುದು. ವೈದ್ಯರನ್ನು ಕೇಳದೆ ಮಾತ್ರೆ ಬಿಡಿಸುವವರು ಈ ಮಾತನ್ನು ಎತ್ತುವುದೇ ಇಲ್ಲ. ಎರಡನೆಯ ಚಿಕಿತ್ಸಕರು ನಾನು ಹೋದ ಕೂಡಲೇ ನನ್ನ ಮಾತ್ರೆಗಳ ಪಟ್ಟಿ ಕೇಳಿದರು, ಪ್ರತಿ ಸಲವೂ ಮೊಹರು ಮಾಡಿದ ಹೊಸ ಸೂಜಿಯ ಪೊಟ್ಟಣವನ್ನು ನನ್ನೆದುರೇ ಒಡೆದರು. ನಾನು ಉಳಿದದ್ದು ಅವರ ಬಳಿ.

ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಮೊದಲು ಸ್ತ್ರೀರೋಗ ತಜ್ಞರ ಬಳಿ ಲೆಟ್ರೊಜೋಲ್ ವಿಷಯ ಕೇಳಿ. ಅಂಡೋತ್ಪತ್ತಿಗೆ ಮೊದಲ ಆಯ್ಕೆಯ ಔಷಧಿ ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಅದನ್ನೇ. ವಯಸ್ಸು 35 ದಾಟಿದ್ದರೆ ಸೂಜಿಯನ್ನು ನಂಬಿ ತಿಂಗಳುಗಳನ್ನು ಕಳೆಯುವುದು ಬೇಡ. ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತ ಮಲಗುವವರು ಔಷಧಿಯ ಜೊತೆಗೆ ಒಂದು ತಿಂಗಳು ಮಾಡಿಸಿ ನೋಡಬಹುದು. ಹಿಡಿಸದಿದ್ದರೆ ಅಲ್ಲಿಗೇ ನಿಲ್ಲಿಸಿ, ಮುಂಗಡವಾಗಿ ಇಡೀ ವರ್ಷದ ಹಣವನ್ನಂತೂ ಕಟ್ಟಬೇಡಿ.